ಭಾವ ಬೆಟ್ಟ ತರಲು ಹೋದದ್ದು

ನಮ್ಮ ಭಾವ ಸುಳ್ಳು ಹೇಳುವವರಲ್ಲ. ಹೇಳಿದ್ದರೆ ನಮ್ಮ ಬೀದಿಯಲ್ಲಿ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಸುಳ್ಳನ್ನಾದರೆ ಜನ ಸ್ವಲ್ಪ ಅನುಮಾನಿಸಿ ಕೊನೆಗೆ ನಂಬುತ್ತಾರೆ. ನಿಜ ಹೇಳಿಬಿಟ್ಟರೆ ಮಾತ್ರ, ಇದರ ಹಿಂದೆ ಏನೋ ಇದೆ ಎಂದು ನಿದ್ದೆಗೆಡುತ್ತಾರೆ.

ಭಾವ ನಗರಸಭೆಯ ಅಳತೆ ವಿಭಾಗದಲ್ಲಿ ಗುಮಾಸ್ತರು. ಯಾರು ನಕ್ಷೆಗಿಂತ ಒಂದಡಿ ಜಾಸ್ತಿ ಕಟ್ಟಿಕೊಂಡಿದ್ದಾರೆ, ಯಾರ ಮೆಟ್ಟಿಲು ರಸ್ತೆಗೆ ಕಾಲು ಚಾಚಿದೆ ಎಂದು ನೋಡುವ ವಿಭಾಗ ಅದು. ಆದರೆ ಭಾವ ಅಳೆಯುವವರಲ್ಲ. ಬೇರೆಯವರು ಅಳೆದು ತಂದದ್ದನ್ನು ಕೂತು ಕೂಡುವವರು. ಕೂಡುವಾಗಲೂ ಅವರ ಕಣ್ಣು ಕಿಟಕಿಯಾಚೆ ತೇಲುವ ಮೋಡದ ಮೇಲೆಯೇ. ಒಂದು ಸಲ ಹೀಗೆ ಯಾರದೋ ಬಚ್ಚಲುಮನೆಗೆ ಆಟದ ಮೈದಾನದಷ್ಟು ವಿಸ್ತಾರ ಬಂದಿತ್ತು. ಆ ಮನೆಯವರು ತೆರಿಗೆಯ ಚೀಟಿ ಬರುವವರೆಗೂ ತುಂಬ ಸಂತೋಷವಾಗಿದ್ದರಂತೆ.

ಆಗ ಕಚೇರಿಯ ಸಾಹೇಬರಿಗೆ ಡಾಕ್ಟರು ನಡೆಯಲು ಹೇಳಿದ್ದರು. ಸಾಹೇಬರು ಒಬ್ಬರೇ ನಡೆಯುವ ಪೈಕಿ ಅಲ್ಲ, ಇಡೀ ವಿಭಾಗವನ್ನು ನಡೆಸುವವರು. ಹಾಗಾಗಿ ಮುಂದಿನ ರಜೆಯ ದಿನ ಎಲ್ಲರೂ ಊರಾಚೆಯ ಬೆಟ್ಟಕ್ಕೆ ಚಾರಣ ಹೋಗುವುದೆಂದು ತೀರ್ಮಾನವಾಯಿತು. ಫೋಟೋದ ಮಾತು ಬಂದಾಗ ಸಾಹೇಬರು, "ಅದಕ್ಕೇನು, ಎಲ್ಲರ ಹತ್ರ ಮೊಬೈಲ್ ಇದೆಯಲ್ಲ" ಅಂದರು.

ಮೋಡ ನೋಡುತ್ತಿದ್ದ ಭಾವ ಅಲ್ಲಿಂದಲೇ ಹೇಳಿದರು: "ಮೊಬೈಲಲ್ಲಿ ಬೆಟ್ಟ ಬರುತ್ತೆ ಸಾರ್. ಬೆಟ್ಟತನ ಬರಲ್ಲ."

ಈ ಮಾತು ಎಲ್ಲಿಂದ ಬಂತೋ ಭಾವನಿಗೇ ಗೊತ್ತಿರಲಿಲ್ಲ. ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಗಾದ್ರೆ ಏನು ಬೇಕು?"

"ಲೆನ್ಸು ಸಾರ್. ಜೂಮ್ ಲೆನ್ಸು."

"ನಿಮಗೆ ಇದೆಲ್ಲ ಬರುತ್ತಾ?"

"ಮನೇಲಿ ಕ್ಯಾಮೆರಾ ಇದೆ ಸಾರ್."

ಇದೂ ನಿಜವೇ. ಹಳೆಯದಾಯಿತೆಂದು ನಾನೇ ಕೊಟ್ಟ ಕ್ಯಾಮೆರಾ. ಭಾವ ಅದನ್ನು ಇಸ್ತ್ರಿ ಬಟ್ಟೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯ ಹೊತ್ತಿಗೆ ಭಾವ ಇಡೀ ನಗರಸಭೆಯ ಛಾಯಾಗ್ರಾಹಕರಾಗಿ ಮನೆಗೆ ಬಂದರು.

ಬರೀ ಜಂಬದ ಮಾತಾಗಿದ್ದರೆ ಅವರು ಮಾರನೆಯ ದಿನ ಜ್ವರ ಎಂದು ರಜೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಇಲ್ಲಿ ನಮ್ಮ ಅಕ್ಕನ ವಿಷಯವಿತ್ತು. ಅಕ್ಕ ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅಡುಗೆಮನೆಯ ಕಿಟಕಿಯಲ್ಲಿ ಆ ಬೆಟ್ಟ ಇತ್ತು. ಬೆಳಗ್ಗೆ ಹಾಲು ಒಲೆಗಿಟ್ಟು ಅದನ್ನು ನೋಡುತ್ತ ನಿಂತುಬಿಡುತ್ತಿದ್ದಳು. ಒಮ್ಮೊಮ್ಮೆ ನೀಲಿ, ಒಮ್ಮೊಮ್ಮೆ ಬೂದಿ, ಕೆಲವು ದಿನ ನಡು ಮಾಯವಾಗಿ ತುದಿಯೊಂದೇ ಗಾಳಿಯಲ್ಲಿ ತೇಲುತ್ತಿತ್ತು. ಹಾಲು ಉಕ್ಕುತ್ತಿತ್ತು. ಭಾವ ಉಕ್ಕಿ ಮಿಕ್ಕ ಹಾಲಿನ ಕಾಫಿಯನ್ನೇ ಕುಡಿದು ಕಚೇರಿಗೆ ಹೋಗುತ್ತಿದ್ದರು. ಯಾರಿಗೂ ದೂರಿರಲಿಲ್ಲ.

ಹೋದ ವರ್ಷ ಎದುರುಮನೆಯ ವಕೀಲರು ತಮ್ಮ ಮಹಡಿಯ ಮೇಲೆ ತಗಡಿನದೊಂದು ರೂಮು ಎಬ್ಬಿಸಿದರು. ಮುಗಿದ ಕೇಸುಗಳ ಕಡತ ತುಂಬಲಂತೆ. ಬೆಟ್ಟ ಸರಿಯಾಗಿ ಅದರ ಹಿಂದಕ್ಕೆ ಹೋಯಿತು. ಅಕ್ಕ ಜಗಳವಾಡಲಿಲ್ಲ. ಕಿಟಕಿಯನ್ನು ಎಳೆದು ಮುಚ್ಚಿ ಚಿಲಕ ಹಾಕಿದಳು. ಅಂದಿನಿಂದ ಮನೆಯಲ್ಲಿ ಹಾಲು ಉಕ್ಕಲೇ ಇಲ್ಲ. ಭಾವನಿಗೆ ಆ ಉಕ್ಕದ ಹಾಲನ್ನು ಕಂಡರೆ ಸಂಕಟ.

"ನೀನೂ ಬಾ ಬೆಟ್ಟಕ್ಕೆ" ಅಂದರು ಅಂದು ರಾತ್ರಿ ಊಟಕ್ಕೆ ಕೂತಾಗ.

"ಈ ಮಂಡಿ ಇಟ್ಕೊಂಡು ನಾನು ಮಾಳಿಗೆ ಮೆಟ್ಟಿಲು ಹತ್ತಿದ್ರೆ ಹೆಚ್ಚು. ನೀವು ಹೋಗ್ಬನ್ನಿ."

"ಹಾಗಾದ್ರೆ ನಾನು ಅದನ್ನ ನಿನಗೆ ತಂದುಕೊಡ್ತೀನಿ. ಪೂರ್ತಿ ಬೆಟ್ಟ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಿಟಕಿ ಪಕ್ಕದ ಗೋಡೆಗೆ ಹಾಕೋಣ."

ಅಕ್ಕ ನಕ್ಕಳು. ಮಾರನೆಯ ದಿನ ನೋಡಿದರೆ ಆ ಗೋಡೆಯ ಮೇಲಿದ್ದ ಕ್ಯಾಲೆಂಡರು ಕೆಳಗಿಳಿದಿತ್ತು, ಗೋಡೆ ಒರೆಸಿ ಇಟ್ಟಿತ್ತು. ಭಾವ ಅದನ್ನು ನೋಡಿ ನನ್ನನ್ನು ಕರೆದುಕೊಂಡು ನೇರವಾಗಿ ಕ್ಯಾಮೆರಾ ಅಂಗಡಿಗೆ ಹೊರಟರು.

ಆ ಅಂಗಡಿ ಒಳಗೆ ಯಾವಾಗಲೂ ಅರ್ಧ ಕತ್ತಲು. ಗಾಜಿನ ಕಪಾಟುಗಳಲ್ಲಿ ಲೆನ್ಸುಗಳು ಸಾಲಾಗಿ ಕಣ್ಣು ಬಿಟ್ಟುಕೊಂಡು ಕೂತಿದ್ದವು. ಮಾಲೀಕರು ಮೆತ್ತಗೆ ಮಾತಾಡುವ ಮನುಷ್ಯ. ಯಾವ ಲೆನ್ಸು ಬೇಕೆಂದು ಅವರು ಕೇಳಲೇ ಇಲ್ಲ. "ನಿಮಗೆ ಯಾವುದು ಹತ್ತಿರ ಬರಬೇಕು?" ಎಂದು ಕೇಳಿದರು.

"ಬೆಟ್ಟ" ಅಂದರು ಭಾವ.

ಮಾಲೀಕರು ಮಖಮಲ್ಲಿನ ಬಟ್ಟೆ ಹಾಸಿ ಒಂದು ಪುಟ್ಟ ಲೆನ್ಸು ಇಟ್ಟರು. "ಚಾರಣಕ್ಕೆ ಇದು ಸಾಕು ಸಾರ್. ಹದಿನೆಂಟರಿಂದ ಐವತ್ತೈದು. ಹಗುರ. ಬೆಟ್ಟ, ಜನ, ಆಕಾಶ ಎಲ್ಲಾ ಒಟ್ಟಿಗೆ ಬರುತ್ತೆ."

ಭಾವ ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. ಇಷ್ಟು ಚಿಕ್ಕದರಲ್ಲಿ ಅಷ್ಟು ದೊಡ್ಡದು ಹೇಗೆ ಹಿಡಿಸೀತು ಎಂಬ ಅನುಮಾನ ಅವರ ಮುಖದಲ್ಲಿ ಕಂಡಿತು. ಆಮೇಲೆ ಅವರ ದೃಷ್ಟಿ ಮೇಲಿನ ಕಪಾಟಿಗೆ ಹೋಯಿತು. ಅಲ್ಲಿ ಹಾಲಿನ ಕ್ಯಾನಿನಷ್ಟು ದಪ್ಪದ ಒಂದು ಲೆನ್ಸು ಮಲಗಿತ್ತು.

"ಅದು?"

"ಅದು ನೂರೈವತ್ತರಿಂದ ಆರುನೂರು. ಹಕ್ಕಿ ತೆಗೆಯೋರಿಗೆ."

ಆರುನೂರು ಎಂದು ಕೇಳಿದ್ದೇ ಭಾವನೊಳಗಿನ ಅಳತೆ ವಿಭಾಗ ಎಚ್ಚೆತ್ತಿತು. ಆ ವಿಭಾಗದಲ್ಲಿ ಯಾವ ಸಂಖ್ಯೆ ಬಂದರೂ ಅದು ಉದ್ದ, ಅಗಲ ಅಥವಾ ದೂರ. ಬೇರೆ ಅರ್ಥವೇ ಅವರಿಗೆ ಗೊತ್ತಿಲ್ಲ. ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ನೋಡೋ, ಇದು ಬೆಟ್ಟಾನ ಆರುನೂರು ಮೀಟರ್ ಹತ್ರ ತರುತ್ತೆ. ಅಂದ್ರೆ ಅಷ್ಟು ದೂರ ಹತ್ತೋದು ಉಳೀತು."

"ಹಾಗಲ್ಲ ಸಾರ್, ಅಂಕಿ ದೊಡ್ಡದಾದಷ್ಟೂ ಕಾಣೋ ಜಾಗ ಚಿಕ್ಕದಾಗುತ್ತೆ" ಅಂದರು ಮಾಲೀಕರು.

"ಆರುನೂರು ಐವತ್ತೈದಕ್ಕಿಂತ ದೊಡ್ಡದು ತಾನೇ?"

"ದೊಡ್ಡದು. ಆದರೆ..."

"ಬೆಟ್ಟ ಹಕ್ಕಿಗಿಂತ ದೊಡ್ಡದು ತಾನೇ?"

ಮಾಲೀಕರು ಸ್ಟೂಲು ಹತ್ತಿ ಅದನ್ನು ಕೆಳಗಿಳಿಸಿದರು. ಆ ಅಂಗಡಿಯದೊಂದು ಪದ್ಧತಿ ಇತ್ತು. ದೊಡ್ಡ ಲೆನ್ಸನ್ನು ಯಾರಿಗೂ ಒಂದೇ ಸಲಕ್ಕೆ ಮಾರುತ್ತಿರಲಿಲ್ಲ, ಮನೆಗೆ ಒಯ್ದು ಪ್ರಯೋಗ ಮಾಡಿ ನೋಡಲು ಕೊಡುತ್ತಿದ್ದರು. "ಒಂದು ವಾರ ಜೊತೆಗೆ ಇದ್ದು ನೋಡಿ ಸಾರ್. ಹೊಂದಿಕೆ ಆದ್ರೆ ಇಟ್ಕೊಳ್ಳಿ" ಎಂದು ಮಗಳನ್ನು ಕಳಿಸಿಕೊಡುವ ತಂದೆಯ ಹಾಗೆ ಅದನ್ನು ಚೀಲಕ್ಕೆ ಹಾಕಿ ಕೊಟ್ಟರು.

ಅಷ್ಟು ಭಾರದ ಲೆನ್ಸನ್ನು ಕೈಯಲ್ಲಿ ಹಿಡಿದರೆ ಬೆಟ್ಟಕ್ಕೇ ನಡುಕ ಬರುತ್ತಿತ್ತು. ಭಾವ ಕಚೇರಿಯಿಂದ ಒಂದು ಮೂರು ಕಾಲಿನ ಸ್ಟ್ಯಾಂಡು ತಂದರು. ಮನೆ, ರಸ್ತೆ ಅಳೆಯುವಾಗ ದುರ್ಬೀನು ಕೂರಿಸಲು ಬಳಸುವ ಹಳದಿ ಬಣ್ಣದ ಸ್ಟ್ಯಾಂಡು. ಕಾಲಿನ ಮೇಲೆ 'ನಗರಸಭೆ, ಅಳತೆ ವಿಭಾಗ' ಎಂದು ಕಪ್ಪಗೆ ಬರೆದಿತ್ತು. ತಿರುಪು ಕೂರಲಿಲ್ಲ. ಹಳೆಯ ಟವೆಲಿನಿಂದ ಬಿಗಿದು ಕಟ್ಟಿದೆವು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಾವಿಬ್ಬರೂ ಮಹಡಿ ಹತ್ತಿದೆವು. ಭಾವ ಲೆನ್ಸಿಗೆ ಕಣ್ಣು ಹಚ್ಚಿದವರು ಈ ಲೋಕದಲ್ಲೇ ಇರಲಿಲ್ಲ. ಎಲ್ಲೋ ದೂರದ ತಂತಿಯ ಮೇಲಿನ ಪಾರಿವಾಳ ಅವರ ಕಣ್ಣೆದುರು ಬಂದು ಕತ್ತು ಕೊಂಕಿಸಿತು. ಯಾವುದೋ ಮನೆಯಲ್ಲಿ ಒಣಗಲು ಹಾಕಿದ್ದ ಅಂಗಿಯ ಗುಂಡಿಯಲ್ಲಿ ಸೂರ್ಯ ಮುಳುಗುತ್ತಿದ್ದ. "ಏನೂ ಕೇಳದೇನೇ ಎಲ್ಲಾ ಹತ್ರ ಬಂದು ನಿಲ್ಲುತ್ತಲ್ಲೋ" ಎಂದು ಮೆಲ್ಲಗೆ ಹೇಳಿಕೊಂಡರು. ನಾನೂ ಒಂದು ಸಲ ನೋಡಿದೆ. ನಿಜವಾಗಿಯೂ ಬಹಳ ಚೆನ್ನಾಗಿತ್ತು.

ಆಮೇಲೆ ಬೆಟ್ಟದ ಕಡೆ ತಿರುಗಿಸಿದರು. ಬೆಟ್ಟದ ಕಡೆ ಎಂದರೆ ವಕೀಲರ ತಗಡಿನ ರೂಮಿನ ಕಡೆ. ಅದರ ಬಲ ಅಂಚಿನಲ್ಲಿ ಬೆಟ್ಟದ ಒಂದು ಚೂರು ಹೆಗಲು ಕಾಣುತ್ತಿತ್ತು. ಭಾವ ಲೆನ್ಸಿನ ಉಂಗುರ ತಿರುಗಿಸುತ್ತ ಅದರ ಮೇಲಿನ ಅಂಕಿಗಳನ್ನು ಗಟ್ಟಿಯಾಗಿ ಓದತೊಡಗಿದರು.

"ಇನ್ನೂರು!"

ಅಳತೆ ವಿಭಾಗದಲ್ಲಿ ಒಬ್ಬ ಕೂಗಿದ ಅಂಕಿಯನ್ನು ಇನ್ನೊಬ್ಬ ತಿರುಗಿ ಕೂಗಬೇಕಂತೆ, ತಪ್ಪಾಗದಿರಲೆಂದು. ಆ ಕೆಲಸ ನನಗೆ ಬಂತು.

"ಇನ್ನೂರು!" ಅಂದೆ ನಾನು.

"ಮುನ್ನೂರು! ಸ್ವಲ್ಪ ಬಲಕ್ಕೆ... ನಾನೂರು!"

"ನಾನೂರು!"

ಎದುರಿನ ತಗಡಿನ ರೂಮಿನ ಬಾಗಿಲು ಮೆಲ್ಲಗೆ ತೆರೆಯಿತು. ವಕೀಲರ ಮುಖ ಕಾಣಿಸಿತು. ಆ ಲೆನ್ಸಿನಲ್ಲಿ ಅವರ ಹುಬ್ಬಿನ ಕೂದಲು ಒಂದೊಂದಾಗಿ ಎಣಿಸುವ ಹಾಗಿತ್ತು ಎಂದು ಭಾವ ಆಮೇಲೆ ಹೇಳಿದರು. ಮುಖ ಒಳಗೆ ಹೋಯಿತು. ಹಾಲು ಕಾಯುವಷ್ಟರಲ್ಲಿ ವಕೀಲರು ನಮ್ಮ ಮಹಡಿಯಲ್ಲಿದ್ದರು.

"ಏನು ಸ್ವಾಮಿ, ಏನೋ ಜೋರಾಗಿ ನಡೀತಿದೆ?"

"ಬೆಟ್ಟ ನೋಡ್ತಿದ್ದೆ ಸಾರ್."

ವಕೀಲರು ಸ್ಟ್ಯಾಂಡಿನ ಕಾಲಿನ ಮೇಲಿನ ಬರಹವನ್ನು ಓದಿಕೊಂಡರು. "ಬೆಟ್ಟ? ಇಲ್ಲಿಂದ ಬೆಟ್ಟ ಎಲ್ಲಿ ಕಾಣುತ್ತೆ?"

"ಕಾಣಲ್ಲ ಸಾರ್. ನಿಮ್ಮ ರೂಮು ಅಡ್ಡ ಇದೆ."

"ಅಡ್ಡ ಇದೆ ಅಂತೀರಿ."

"ಬೇಜಾರು ಮಾಡ್ಕೋಬೇಡಿ. ಪಕ್ಕದಲ್ಲಿ ಒಂದು ಚೂರು ಸಿಗ್ತಿದೆ. ಅಷ್ಟರಲ್ಲೇ ನೋಡ್ಕೋತಿದೀನಿ."

ವಕೀಲರು ಸುತ್ತ ನೋಡಿ ದನಿ ತಗ್ಗಿಸಿದರು. "ನೋಡಿ, ನಾವು ಎದುರುಬದರು ಇರೋರು. ಬಿಡಿಸಿ ಹೇಳಿ. ನಿಮಗೆ ಎಷ್ಟು ಬೇಕು?"

"ಆಸೆ ಏನೋ ಪೂರ್ತಿ ಬೇಕು ಅಂತಿದೆ ಸಾರ್" ಅಂದರು ಭಾವ ಕನಸಿನಲ್ಲಿ ಎಂಬಂತೆ. "ನನಗಲ್ಲ, ಮನೆಯವಳಿಗೆ. ಒಂದು ವರ್ಷದಿಂದ ಒಳಗೊಳಗೇ ಕೊರಗ್ತಿದಾಳೆ."

ವಕೀಲರು ಒಂದು ಹೆಜ್ಜೆ ಹತ್ತಿರ ಬಂದರು. "ಇದಕ್ಕೆಲ್ಲ ಯಾರು ಹೇಳಿದ್ದು ನಿಮಗೆ?"

"ಸಾಹೇಬರೇ. ರಜೆ ದಿನ ಬೆಳಗ್ಗೆ ಬೇಗ ಇಡೀ ವಿಭಾಗ ಹೊರಡ್ತೀವಿ."

ರಜೆ ದಿನ ಎಂದು ಕೇಳಿದ್ದೇ ವಕೀಲರ ಮುಖ ಸುಣ್ಣ ಬಳಿದ ಹಾಗಾಯಿತು. ಅಕ್ರಮ ಕಟ್ಟಡ ಒಡೆಯುವವರು ರಜೆ ದಿನವೇ ಬರುತ್ತಾರೆ. ಅಂದು ಕೋರ್ಟಿಗೆ ಬೀಗ, ತಡೆಯಾಜ್ಞೆ ತರಲು ಆಗುವುದಿಲ್ಲ. ಇದು ವಕೀಲರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅವರು ಕಾಫಿಗೂ ನಿಲ್ಲದೆ ಇಳಿದು ಹೋದರು.

"ಪಾಪ, ಅವರಿಗೆ ಬೆಟ್ಟ ಅಂದ್ರೆ ಅಷ್ಟಕ್ಕಷ್ಟೇ ಅನ್ಸುತ್ತೆ" ಅಂದರು ಭಾವ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಬೀದಿಯಲ್ಲಿ ಕುಂಬಳಕಾಯಿ ಇಲ್ಲದ ಹೆಗಲು ಒಂದೂ ಇರಲಿಲ್ಲ. ನಗರಸಭೆ ಅಳೆಯುತ್ತಿದೆ ಎಂಬ ಸುದ್ದಿ ವಕೀಲರ ಮನೆಯಿಂದ ರಾತ್ರಿಯೇ ಹರಡಿತು. ಮರುದಿನ ಬೆಳಗ್ಗೆ ಬೇಕರಿಯವರು ಫುಟ್‌ಪಾತಿನ ಮೇಲೆ ಚಾಚಿಕೊಂಡಿದ್ದ ಗಾಜಿನ ಕಪಾಟನ್ನು ಒಳಕ್ಕೆ ಎಳೆದುಕೊಂಡರು. ಒಳಗೆ ಜಾಗ ಸಾಲದೆ ತಾವೇ ಹೊರಗೆ ನಿಂತು ವ್ಯಾಪಾರ ಮಾಡಿದರು. ಹಲ್ಲಿನ ಡಾಕ್ಟರು ರಸ್ತೆಗಿಳಿದಿದ್ದ ಮೆಟ್ಟಿಲನ್ನು ತಾವೇ ನಿಂತು ಒಡೆಸಿದರು. ಹಲ್ಲು ನೋವಿನವರು ಸ್ಟೂಲು ಹತ್ತಿ ಒಳಗೆ ಹಾರಬೇಕಾಯಿತು. ಹಾರಿದವರಲ್ಲಿ ಒಬ್ಬರ ಹಲ್ಲು ಅಲ್ಲೇ ಉದುರಿ ಡಾಕ್ಟರ ಕೆಲಸ ಉಳಿಯಿತೆಂದು ಬೀದಿಯಲ್ಲಿ ಮಾತಾಯಿತು. ನಾನು ಅದನ್ನು ಕಣ್ಣಾರೆ ಕಂಡಿಲ್ಲ.

ಭಾವ ಮಾತ್ರ ದಿನವೂ ಸಂಜೆ ಮಹಡಿ ಹತ್ತಿ "ಐನೂರು! ಆರುನೂರು!" ಎನ್ನುತ್ತಲೇ ಇದ್ದರು. ಅಂಕಿ ಏರಿದಷ್ಟೂ ಬೀದಿಯಲ್ಲಿ ಸುತ್ತಿಗೆಯ ಸದ್ದು ಏರಿತು. ಎದುರಾದವರೆಲ್ಲ ಅವರಿಗೆ ಕೈಮುಗಿದರು. ಬೇಕರಿಯವರು ಬಿಸಿ ಬ್ರೆಡ್ಡು ಕಳಿಸಿದರು.

"ನಮ್ಮ ಬೀದಿ ಜನ ಎಷ್ಟು ಒಳ್ಳೆಯವರು ನೋಡು" ಅಂದರು ಅಕ್ಕನಿಗೆ, ಕಣ್ಣಲ್ಲಿ ನೀರು ತುಂಬಿಕೊಂಡು. "ಒಬ್ಬ ಗುಮಾಸ್ತ ಬೆಟ್ಟ ಹತ್ತುತ್ತಾನೆ ಅಂದ್ರೆ ಎಲ್ಲರಿಗೂ ಸಂಭ್ರಮ."

"ಬೆಟ್ಟ ಹತ್ತೋದಕ್ಕೂ ಬ್ರೆಡ್ಡಿಗೂ ಏನ್ರೀ ಸಂಬಂಧ?" ಅಂದಳು ಅಕ್ಕ. ಅವಳು ನಮ್ಮ ಮನೆಯಲ್ಲಿ ಸ್ವಲ್ಪ ತಲೆ ಇರುವವಳು.

ಸುದ್ದಿ ಕಚೇರಿಗೂ ಹೋಯಿತು. ಸಾಹೇಬರು ಭಾವನನ್ನು ಒಳಗೆ ಕರೆಸಿ ಬಾಗಿಲು ಹಾಕಿಸಿದರು. ಮುಂದಿನದನ್ನು ಭಾವನೇ ನನಗೆ ಹೇಳಿದ್ದು.

"ನಿಮ್ಮ ಬೀದೀಲಿ ಏನೋ ಅಳತೆ ನಡೀತಿದೆಯಂತೆ. ನನಗೇ ಗೊತ್ತಿಲ್ಲದೆ?"

"ಅಳತೆ ಅಲ್ಲ ಸಾರ್, ಲೆನ್ಸು."

"ಅದೇ, ಲೆನ್ಸೋ ಏನೋ. ಯಾರ ಆದೇಶ?"

"ನಿಮ್ಮದೇ ಸಾರ್. ಅವತ್ತು ಎಲ್ಲರ ಮುಂದೆ ಹೇಳಿದ್ರಲ್ಲ."

ಸಾಹೇಬರು ಓದಿ ಸಹಿ ಹಾಕುವ ಜನವಲ್ಲ. ಯಾವುದೋ ಕಾಗದದಲ್ಲಿ ಇದೂ ಸೇರಿಹೋಗಿರಬೇಕು ಎಂದುಕೊಂಡರು. ಗಂಟಲು ಸರಿಮಾಡಿಕೊಂಡು, "ಹ್ಞಾಂ, ಹೇಳಿದ್ದೆ. ಒಳ್ಳೇ ಕೆಲಸ, ಮುಂದುವರಿಸಿ. ಆದರೆ ನಮ್ಮ ಮನೆ ಇರೋ ಬೀದಿ ಕಡೆಗೆ ಮಾತ್ರ ಸದ್ಯಕ್ಕೆ ಅದನ್ನ ತಿರುಗಿಸಬೇಡಿ" ಅಂದರು.

"ಆ ಕಡೆ ಬೆಟ್ಟ ಇಲ್ಲ ಸಾರ್" ಅಂದರು ಭಾವ. ಸಾಹೇಬರಿಗೆ ಜೀವ ಬಂತಂತೆ.

ರಜೆಯ ದಿನ ಬಂತು. ಅಕ್ಕ ಬಾಗಿಲವರೆಗೆ ಬಂದು ಭಾವನ ಟೋಪಿ ಸರಿಮಾಡಿದಳು. "ತುದಿ ಬಿಟ್ಹೋಗದ ಹಾಗೆ ತೆಗೀರಿ" ಅಂದಳು ಸಣ್ಣ ದನಿಯಲ್ಲಿ. ಒಂದು ವರ್ಷದಿಂದ ಅವಳು ಬೆಟ್ಟದ ಹೆಸರೆತ್ತಿದ್ದನ್ನು ನಾನು ಕೇಳಿರಲಿಲ್ಲ. ಭಾವ ಯುದ್ಧಕ್ಕೆ ಹೊರಟವರ ಹಾಗೆ ತಲೆಯಾಡಿಸಿದರು. ಹಳದಿ ಸ್ಟ್ಯಾಂಡು ಹೊರಲು ನಾನು ಅವರ ಹಿಂದೆ ಹೊರಟೆ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಹತ್ತಿರ ಹೋದ ಮೇಲೆ ಅದು ಬೆಟ್ಟವೇ ಅಲ್ಲ, ಬರೀ ಕಲ್ಲು, ಮುಳ್ಳು, ಏದುಸಿರು. ಭಾವ ದಾರಿಯುದ್ದಕ್ಕೂ ಲೆನ್ಸಿಗೆ ಕಣ್ಣು ಹಚ್ಚಿದರು. ಒಂದು ಬಂಡೆಯನ್ನು ತೆಗೆಯಹೋದರೆ ಅದರ ಮೇಲಿನ ಪಾಚಿ ಬಂತು. ಮರ ತೆಗೆಯಹೋದರೆ ಒಂದು ಎಲೆಯ ತೊಟ್ಟು ಬಂತು. ಅರ್ಧ ದಾರಿಯಲ್ಲಿ ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಗ್ರೂಪ್ ಫೋಟೋ ಅಂದರು. ಭಾವನ ಲೆನ್ಸಿನಲ್ಲಿ ಸಾಹೇಬರ ಮೀಸೆಯ ಎಡಭಾಗ ಮಾತ್ರ ಹಿಡಿಸಿತು.

"ಸ್ವಲ್ಪ ಹಿಂದೆ ಹೋಗ್ತೀನಿ ಸಾರ್, ಅಲುಗಾಡಬೇಡಿ" ಎಂದು ಹಿಂದೆ ಸರಿದರು. ಆಗ ಮೀಸೆ ಪೂರ್ತಿ ಬಂತು. ಇನ್ನೂ ಸರಿದರು. ಸಾಹೇಬರೂ ಹೆಡ್‌ಕ್ಲಾರ್ಕರ ಕಿವಿಯೂ ಬಂದವು. ಭಾವ ಸರಿಯುತ್ತ ಸರಿಯುತ್ತ ತಿರುವು ದಾಟಿ, ಹಳ್ಳ ದಾಟಿ, ಎದುರಿನ ದಿಬ್ಬದ ಮೇಲೆ ಚುಕ್ಕೆಯಾದರು. ಅಲ್ಲಿಂದ ಏನೋ ಕೈಸನ್ನೆ ಮಾಡಿದರು. ಇಡೀ ವಿಭಾಗ ಹಲ್ಲು ಕಿರಿದುಕೊಂಡು ಬಿಸಿಲಲ್ಲಿ ನಿಂತೇ ಇತ್ತು. ಅಷ್ಟರಲ್ಲಿ ನಡುವೆ ಮಂಜು ಬಂದು ಎಲ್ಲರನ್ನೂ ಒರೆಸಿ ಹಾಕಿತು.

ತುದಿ ತಲುಪುವಾಗ ಸುತ್ತ ಬೆಳ್ಳಗೆ ಏನೂ ಇರಲಿಲ್ಲ. ಮಂಜಿನಲ್ಲಿ ಸಾಹೇಬರ ದನಿ ಒಂದು ಕಡೆ, ಕೆಮ್ಮು ಇನ್ನೊಂದು ಕಡೆ ಕೇಳುತ್ತಿತ್ತು. ನಾವೆಲ್ಲ ಯಾರದೋ ನಿದ್ದೆಯೊಳಗೆ ಅಡ್ಡಾಡುತ್ತಿದ್ದ ಹಾಗಿತ್ತು. ಭಾವ ಸ್ಟ್ಯಾಂಡು ನೆಟ್ಟು, ಸುತ್ತ ಒಂದು ಸಲ ತಿರುಗಿ ನೋಡಿ ನನ್ನನ್ನು ಕೇಳಿದರು:

"ಬೆಟ್ಟ ಎಲ್ಲೋ?"

"ಅದರ ಮೇಲೇ ನಿಂತಿದೀವಲ್ಲ ಭಾವ."

"ನಿಂತಿರೋದು ಗೊತ್ತು. ಕಾಣೋದು ಎಲ್ಲಿ?"

ಅವರು ಒಂದು ಕಲ್ಲಿನ ಮೇಲೆ ಕೂತು ಆ ದೊಡ್ಡ ಲೆನ್ಸನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡರು. "ಅವಳು ಗೋಡೆ ಒರೆಸಿ ಇಟ್ಟಿದಾಳೆ ಕಣೋ. ಹೋಗಿ ಏನು ತೋರಿಸ್ಲಿ? ಪಾಚಿ ತೋರಿಸ್ಲಾ?" ಅಂದರು. ಅಕ್ಕ ಇಂಥವರನ್ನು ಕಟ್ಟಿಕೊಂಡಳಲ್ಲ ಎಂದು ಎಷ್ಟೋ ಸಲ ಆಡಿಕೊಂಡಿದ್ದೇನೆ. ಆ ಹೊತ್ತು ಮಾತ್ರ, ಸದ್ಯ ಇಂಥವರೇ ಸಿಕ್ಕರಲ್ಲ ಅನ್ನಿಸಿತು.

ಬರಿಗೈಯಲ್ಲಿ ಇಳಿದು ಬಂದೆವು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದಾದರೂ ಉಂಟು, ನಮಗೆ ಇಲಿಯೂ ಸಿಕ್ಕಿರಲಿಲ್ಲ. ಅಂಗಡಿಗೆ ಹೋಗಿ ಲೆನ್ಸು ಹಿಂದಿರುಗಿಸಿದೆವು. ಮಾಲೀಕರು ಅದನ್ನು ಒರೆಸಿ ಮೇಲಿನ ಕಪಾಟಿನಲ್ಲಿ ಮಲಗಿಸಿದರು.

ನಮ್ಮ ಬೀದಿಗೆ ತಿರುಗಿದಾಗ ಸಂಜೆಯ ಬಿಸಿಲು ಎಂದಿಲ್ಲದ ಹಾಗೆ ಉದ್ದಕ್ಕೆ ಬಿದ್ದಿತ್ತು. ನಾನು ತಲೆಯೆತ್ತಿದೆ. ವಕೀಲರ ಮಹಡಿಯ ಮೇಲೆ ತಗಡಿನ ರೂಮು ಇರಲಿಲ್ಲ. ತಗಡುಗಳು ಗೇಟಿನ ಬಳಿ ಒಟ್ಟಿದ್ದವು, ಕಡತಗಳು ವರಾಂಡದಲ್ಲಿ ಬಿದ್ದಿದ್ದವು. ರೂಮನ್ನು ತಾವೇ ಬಿಚ್ಚಿಸಿ, ಬೆಳಗಿನಿಂದ ಅಧಿಕಾರಿಗಳನ್ನು ಕಾದು ಕಾದು ಸುಸ್ತಾದ ವಕೀಲರು ಬಯಲಾದ ಮಹಡಿಯಲ್ಲಿ ಕುರ್ಚಿ ಹಾಕಿಕೊಂಡು ನಮಗೆ ಬೆನ್ನು ಮಾಡಿ ಕೂತಿದ್ದರು. ಅವರ ಹೆಂಡತಿ ಪಕ್ಕದಲ್ಲಿ ನಿಂತು, "ಅಯ್ಯೋ, ಇದು ಇಲ್ಲೇ ಇತ್ತಲ್ರೀ" ಎನ್ನುತ್ತಿದ್ದರು. ಭಾವ ತಲೆ ತಗ್ಗಿಸಿ ನಡೆಯುತ್ತಿದ್ದರು, ಏನನ್ನೂ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ಒಲೆಯ ಮುಂದೆ, ಚಿಲಕ ತೆಗೆದ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಸುಟ್ಟ ವಾಸನೆ ಬಾಗಿಲವರೆಗೂ ಬಂದಿತ್ತು. ಭಾವನಿಗೆ ಅದೂ ತಿಳಿಯಲಿಲ್ಲ. ನೇರವಾಗಿ ಹೋಗಿ, ಕಿಟಕಿಗೆ ಬೆನ್ನು ಕೊಟ್ಟು, ಅವಳ ಎದುರು ತಪ್ಪು ಮಾಡಿದವರ ಹಾಗೆ ನಿಂತರು.

"ಬೆಟ್ಟ ಬರಲಿಲ್ಲ ಕಣೇ" ಅಂದರು. "ಎಷ್ಟು ಒದ್ದಾಡಿದೆ ಗೊತ್ತಾ. ಒಂದು ಫೋಟೋನೂ ಬರಲಿಲ್ಲ. ನಿನಗೆ ಮಾತು ಕೊಟ್ಟಿದ್ದೆ, ನನ್ನ ಕೈಲಿ ಆಗಲಿಲ್ಲ."

ಅಕ್ಕ ಅವರ ಮುಖವನ್ನೇ ನೋಡಲಿಲ್ಲ. ಅವರ ಭುಜದ ಮೇಲಿಂದ ಕತ್ತು ಚಾಚಿ ಎಲ್ಲೋ ನೋಡುತ್ತ, ಕೈಯಿಂದ ಅವರನ್ನು ಮೆತ್ತಗೆ ಪಕ್ಕಕ್ಕೆ ತಳ್ಳಿದಳು.

"ಸ್ವಲ್ಪ ಸರೀರಿ ಆ ಕಡೆ" ಅಂದಳು. "ಬೆಟ್ಟಕ್ಕೆ ಅಡ್ಡ ನಿಂತಿದೀರಿ."